ಹುಳು ಕೊರೆದ ದಾರಿ

ಮೆತ್ತನೆಯ ಕುಂಚದಿಂದ ಅವಳು ಹಳೆಯ ಹಾಳೆಯ ಧೂಳು ತೆಗೆಯುತ್ತಿದ್ದಳು. ಮೇಜಿನ ಆಚೆ ಅವನು ಕೂತಿದ್ದ. ಅವನ ಕಣ್ಣು ಬಾಗಿಲ ಮೇಲೆಯೇ.

'ನಮ್ಮ ತಾತ ಹುಟ್ಟಿದ ಮನೆ ಹುಡುಕಿಕೊಡ್ತೀರಾ?' ಎಂದು ನಗುತ್ತಾ ಬಂದಿದ್ದ ಗಡಿಯಾರ ರಿಪೇರಿಯವನು ಇವನೇನಾ?

ಚರ್ಚಿನ ದಾಖಲೆ ಕೋಣೆಯಲ್ಲಿ ಹರಿದ ಪುಟ ಜೋಡಿಸುವುದು ಅವಳ ಕೆಲಸ. ಅವನ ಮನೆತನ ಹುಡುಕುತ್ತಾ ಇಬ್ಬರ ಮನಸ್ಸೂ ಕೂಡಿತ್ತು. ಮದುವೆ ಮಾತೂ ಆಗಿತ್ತು. ನಿನ್ನೆ ಹಳೆಯ ಜನಗಣತಿಯ ಒಂದು ಪುಟ ಎಲ್ಲವನ್ನೂ ಮುಗಿಸಿತು. ಒಂದೇ ಮನೆ, ಒಬ್ಬಳೇ ತಾಯಿ, ಇಬ್ಬರು ಗಂಡುಮಕ್ಕಳು. ಮೇಲಿನ ಹೆಸರು ಅವನ ತಾತನದು. ಕೆಳಗಿನದು ಅವಳ ತಾತನದು!

"ಅಣ್ಣತಮ್ಮಂದಿರ ಮೊಮ್ಮಕ್ಕಳು ಅಂದ್ರೆ ನೀವು ಅಣ್ಣ-ತಂಗಿ. ಇನ್ನು ಆ ಮಾತು ಎತ್ತಬೇಡ," ಎಂದು ಅವನ ಸೋದರತ್ತೆ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

"ಪುಟದ ನಕಲು ಕೊಡಿ. ಅತ್ತೆ ಕೇಳಿದ್ದಾರೆ," ಎಂದ ಅವನು ಈಗ.

ಕೊಡಿ ಅಂತೆ! ಮೊನ್ನೆಯವರೆಗೆ 'ಕೊಡೇ' ಅಂತಿದ್ದ...

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಕೈ ಅಲ್ಲೇ ನಿಂತಿತು.

ಹಿಂದಿನ ಹಾಳೆಯ ಕೆಳತುದಿಯಲ್ಲಿ ಹುಳು ಕೊರೆದ ತೂತು. ಮುಂದಿನ ಹಾಳೆಯಲ್ಲೂ ಅದೇ ಜಾಗಕ್ಕೆ ತೂತು. ನಡುವಿನ ಇದರಲ್ಲಿ ಮಾತ್ರ ಇಲ್ಲ! ಇದನ್ನು ಕೊರೆಯದೆ ಹುಳು ಆಚೆ ದಾಟಿದ್ದು ಹೇಗೆ?

ಹರಿದ ತುಂಡುಗಳ ರಾಶಿಯಿಂದ ಆರಿಸಿ ಈ ಕೆಳಗಿನ ಅರ್ಧ ಅಂಟಿಸಿದವಳು ಅವಳೇ.

ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವನೇ ಹೋಗುತ್ತಾನೆ.

"ಈ ಎರಡು ಅರ್ಧ ಒಂದೇ ಹಾಳೆಯದಲ್ಲ... ನಾನೇ ತಪ್ಪಾಗಿ ಅಂಟಿಸಿದ್ದೀನಿ."

ಅವನ ಮುಖ ಬಿಗಿಯಿತು. "ನನ್ನ ಉಳಿಸ್ಕೊಳ್ಳೋಕೆ ಕಥೆ ಕಟ್ತಿದ್ದೀಯಾ?"

ಆ ಮಾತು ಚಾಟಿಯಂತೆ ಬಿತ್ತು. ಆದರೂ ಅವಳು ಹಾಳೆ ಮುಂದೆ ಸರಿಸಿದಳು.

"ನನ್ನ ನಂಬಬೇಡಿ. ಹುಳಾನ ನಂಬಿ. ಅದಕ್ಕೆ ನಿಮ್ಮ ಮೇಲೆ ಪ್ರೀತಿ ಇಲ್ಲ."

ಅವನು ಗಡಿಯಾರ ನೋಡುವ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಮೇಲಿನ ಗೆರೆ ಕೆಳಗಿನ ಗೆರೆಗೆ ಕೂಡುತ್ತಿರಲಿಲ್ಲ. ಹರಿದ ಅಂಚಿನಲ್ಲಿ ಕಾಗದದ ನಾರೂ ಬೇರೆ.

"ಜ್ಞಾನಸ್ನಾನದ ಪುಸ್ತಕ ತೆಗಿ," ಎಂದ. ಪ್ರತಿ ಮಗುವಿನ ತಂದೆತಾಯಿಯ ಹೆಸರಿರುವ ಅದನ್ನು ನೋಡುವ ಧೈರ್ಯ ನಿನ್ನೆ ಇಬ್ಬರಿಗೂ ಬಂದಿರಲಿಲ್ಲ.

ಅವಳ ಬೆರಳು ಸಾಲುಗಳ ಮೇಲೆ ಇಳಿಯಿತು. ಅವನ ತಾತ, ದೋಣಿಗಾರನ ಮಗ. ಪುಟ ತಿರುವಿದಳು, ಮತ್ತೆ ತಿರುವಿದಳು... ಅವಳ ತಾತ, ಬಡಗಿಯ ಮಗ! ತಾಯಂದಿರೂ ಬೇರೆ ಬೇರೆ.

ಇಬ್ಬರೂ ಒಟ್ಟಿಗೇ ಉಸಿರುಬಿಟ್ಟರು.

"ನಾಳೆ ಪಾದ್ರಿಗಳಿಗೆ ನಾನೇ ಹೇಳ್ತೀನಿ," ಎಂದಳು. "ಕೆಲಸದಿಂದ ತೆಗೀತಾರೆ."

"ನಾನೂ ಬರ್ತೀನಿ. ಕಥೆ ಕಟ್ತೀಯಾ ಅಂದೆನಲ್ಲ... ತಪ್ಪಾಯ್ತು ಕಣೇ. ತೆಗೆದ್ರೆ ನನ್ನ ಅಂಗಡಿಗೆ ಬಾ."

"ಗಡಿಯಾರಕ್ಕೂ ಅಂಟು ಹಾಕ್ತಾರಾ?"

"ಇಲ್ಲ. ಆದ್ರೆ ನೀನು ಹಾಕಿದ ಅಂಟು ಸುಲಭಕ್ಕೆ ಬಿಡಲ್ಲ ಅಂತ ನಿನ್ನೆಯಿಂದ ಗೊತ್ತಾಗಿದೆ."

ಅವಳು ಕಣ್ಣೀರಿನ ನಡುವೆಯೇ ನಕ್ಕಳು. ಅವನು ಮೇಜು ಬಳಸಿ ಬಂದು ಅಂಟಿನ ಕಲೆಯ ಆ ಬೆರಳುಗಳನ್ನು ಹಿಡಿದುಕೊಂಡ.

ಹೊರಗೆ ಬೀಗ ಹಾಕುವ ಮುದಿ ಕಾವಲುಗಾರ ಕೀಲಿಗೊಂಚಲು ಅಲ್ಲಾಡಿಸಿದ.

"ಒಳಗಿರೋರು ಬೇಗ ಬನ್ರಪ್ಪಾ, ಬಾಗಿಲು ಹಾಕ್ಬೇಕು!"

ಅವನು ಹಿಡಿದ ಬೆರಳುಗಳನ್ನು ಬಿಡಲಿಲ್ಲ.