ಕೂರಲೊಲ್ಲದ ವರ

“ಕುಂದರೋ ತಮ್ಮಾ!”

“ಬ್ಯಾಡ್ರಿ... ನಿಂತೇ ಇರ್ತೇನ್ರಿ.”

ರಬಕವಿಯ ಶಿದ್ರಾಮಪ್ಪನ ಮನೆಯ ಪಡಸಾಲೆಯಲ್ಲಿ ಕೂತಿದ್ದ ಹಿರಿಯರು, ಹುಡುಗನ ಕಡೆಯವರು ಎಲ್ಲರೂ ಒಮ್ಮೆಲೇ ತಲೆಯೆತ್ತಿ ನೋಡಿದರು! ಓಣಿಗೆಲ್ಲ ಒಂದೇ ಟಿ.ವಿ. ಇದ್ದ ಕಾಲ ಅದು. ಹೆಣ್ಣು ನೋಡಲು ಬಂದ ಹುಡುಗ ಚಾಪೆಯ ಮೇಲೆ ಕೂರಲಿಲ್ಲವೆಂದರೆ, ಹೆಣ್ಣು ಬೇಡವೆಂದು ಮುಖಕ್ಕೇ ಹೇಳಿದಂತೆ!

ಅವಲಕ್ಕಿ ತಾಟು ಹಿಡಿದು ಬಂದ ಶಿದ್ರಾಮಪ್ಪನ ಮಗಳು ಮಾದೇವಿ ಅದನ್ನು ದಪ್ಪನೆ ಕೆಳಗಿಟ್ಟಳು. ಬನಹಟ್ಟಿಯ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದ ಅವಳಿಗೆ ಹುನ್ನೂರಿನ ಈ ನಾಮದೇವ ಹೊಸಬನೇನಲ್ಲ. ಸೀರೆ ಗಂಟು ಹೇರಿದ ಅವನ ಟೆಂಪೋ ಹಾರ್ನ್ ಕೇಳಿದರೆ ಸಾಕು, ಏನೋ ನೆಪ ಮಾಡಿ ಬಾಗಿಲಿಗೆ ಬರುತ್ತಿದ್ದಳು. ಅವನೇ ವರ ಎಂದು ತಿಳಿದ ದಿನ ಖುಷಿಗೆ ಊಟವೇ ಸೇರಿರಲಿಲ್ಲ! ಈಗ ನೋಡಿದರೆ... ಎಂಥಾ ಸೊಕ್ಕು!

“ಈ ಸಂಬಂಧ ನಮಗ ಬ್ಯಾಡ!” ಶಿದ್ರಾಮಪ್ಪ ಗುಡುಗಿದ. ನಾಮದೇವ ತಲೆ ತಗ್ಗಿಸಿ ಹೊರನಡೆದ. ಹಿರಿಯರು ಶಿದ್ರಾಮಪ್ಪನಿಗೆ ಸಮಾಧಾನ ಹೇಳತೊಡಗಿದರು.

ಬೈದೇ ಬಿಡಬೇಕೆಂದು ಮಾದೇವಿ ಹಿತ್ತಲ ಬಾಗಿಲಿನಿಂದ ಓಡಿದಳು. ಟೆಂಪೋದ ಹಿಂಭಾಗದಲ್ಲಿ, ಗಂಟುಗಳ ಮೇಲೆ ಬೋರಲು ಮಲಗಿ ಅವನು ಹಲ್ಲು ಕಚ್ಚಿಕೊಂಡಿದ್ದ!

“ಇದೇನ್ರಿ ಇದು?”

“ಯಾರಿಗೂ ಹೇಳಬ್ಯಾಡ್ರಿ... ಕುಂದ್ರೂ ಜಾಗದ ಮ್ಯಾಲ ಕೂದಲಾ ಒಳಗ ಹೊಕ್ಕು ಕೀವಾಗಿತ್ತು. ಜಮಖಂಡ್ಯಾಗ ಆಪರೇಶನ್ ಆಗೇತಿ. ಗಾಯಕ್ಕ ಹೊಲಿಗಿ ಹಾಕದ ಹಂಗ ತೆರದ ಬಿಟ್ಟಾರ.”

“ದಿನಾ ಗಾಯದಾಗ ಬ್ಯಾಂಡೇಜಿನ ಗಾಜ್ ಬಟ್ಟಿ ತುಂಬವ್ರು ಯಾರು?”

“ನಾಚಿಕಿ ಬಂದು... ಬಿಟ್ಟಬಿಟ್ಟೇನ್ರಿ.”

“ಮ್ಯಾಗ ಮುಚ್ಚಿ ಒಳಗ ಪೊಳ್ಳ ಉಳೀತಂದ್ರ ಮತ್ತ ಕೊಯ್ಯಬೇಕಾಗತೈತಿ! ಗಾಯ ತಳದಿಂದ ತುಂಬಿ ಬರಬೇಕು. ಇಂಥಾದ್ರಾಗ ಯಾಕ ಬಂದ್ರಿ?”

“ಟೆಂಪೋ ಗೆಳ್ಯಾ ಹೊಡದಾನ್ರಿ, ನಾ ಹಿಂದ ಮಲಗಿ ಬಂದ್ನಿ. ತಡಾ ಮಾಡಿದ್ರ ನಿಮ್ಮನ್ನ ಬ್ಯಾರೆಯವ್ರಿಗೆ ಕೊಟ್ಟಾರಂತ ಅಂಜಿದ್ನಿ...”

ಮಾದೇವಿಯ ಎದೆ ಡಬಡಬ ಬಡಿದುಕೊಂಡಿತು. ಅಯ್ಯೋ ದೇವರೇ, ಇವನಿಗೂ ನನ್ನ ಮೇಲೆ...!

“ಹೋಗಿ ಅಪ್ಪಗ ಖರೇ ಹೇಳ್ರಿ.”

“ಎಲ್ಲಾರ ಮುಂದ? ಆ ಜಾಗದ ಸುದ್ದಿ? ಜೀವಾ ಹೋದ್ರೂ...”

“ಹಂಗಾರ ನಾನೂ ನಿಮ್ಮ ಕೈ ತಪ್ಪಿ ಹೋದ್ನಿ ಅಂತ ತಿಳೀರಿ!”

ನಾಮದೇವ ತಟ್ಟನೆ ಕೆಳಗಿಳಿದ. ಒಳಗೆ ಹೋಗಿ, ಕಿವಿಯವರೆಗೂ ಕೆಂಪಾಗಿ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ಬಾಗಿಲ ಮರೆಯಲ್ಲಿ ಮಾದೇವಿ ಕಣ್ಣು ಮುಚ್ಚಿಕೊಂಡಳು.

ಶಿದ್ರಾಮಪ್ಪ ಹುಡುಗನನ್ನೇ ದಿಟ್ಟಿಸಿದ. ಆಮೇಲೆ ತಾಟು ಹಿಡಿದು ಎದ್ದು ನಿಂತ.

“ಏಳ್ರಿ ಎಲ್ಲಾರೂ! ಇವತ್ತ ನಮ್ಮ ಮನ್ಯಾಗ ನಿಂತು ತಿನ್ನೂದು!”

ಪಡಸಾಲೆ ತುಂಬ ನಗು! ಹಿರಿಯರೆಲ್ಲ ಮೊಣಕಾಲು ಹಿಡಿದುಕೊಂಡು ಎದ್ದರು, ಬೀಗರ ಜೊತೆ ನಿಂತೇ ಅವಲಕ್ಕಿ ತಿಂದರು.

ಮತ್ತೆ ಬಡಿಸಲು ಬಂದ ಮಾದೇವಿಗೆ ಅವನು ಪಿಸುಗುಟ್ಟಿದ. “ಮದುವ್ಯಾಗ ಮಣಿ ಮ್ಯಾಲ ಕುಂದರಬೇಕಲ್ರಿ...”

“ನಾಳಿಯಿಂದ ದವಾಖಾನಿಗೆ ಬರ್ರಿ. ದಿನಾ ಡ್ರೆಸಿಂಗ್ ಮಾಡಿಸಿಕೊಂಡ್ರ ಆರಾಮ ಕುಂದರ್ತೀರಿ.”

“ನೀವ ಮಾಡ್ತೀರೇನ?”

“ಇಶ್ಶಿ! ಮದುವಿ ತನಕಾ ಕಂಪೌಂಡರ್ ಈರಪ್ಪ ಮಾಡ್ತಾನ.”

“ಮದುವಿ ಆದ ಮ್ಯಾಲ?”

“ಅಷ್ಟೊತ್ತಿಗೆ ಮಾಯ್ದಿರತೈತಿ...” ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. “ಮಾಯದಿದ್ರ ನಾ ಇದ್ದೇನಲ್ರಿ!”