ವಾಸನೆಯಿಲ್ಲದ ಎಲೆ

"ಅದನ್ನ ಬಾಯಿಗೆ ಹಾಕ್ಬೇಡಿ!"

ತಾರಸಿಯ ಕುಂಡಗಳ ನಡುವೆ ಕೂತಿದ್ದ ಅವಳು ಬೆಚ್ಚಿಬಿದ್ದಳು. ಲಿಫ್ಟಿನ ಯಂತ್ರದ ಕೋಣೆಯಿಂದ ಓಡಿಬಂದವನು ಗ್ರೀಸ್ ಮೆತ್ತಿದ ಕೈಯಲ್ಲೇ ಅವಳ ಬೆರಳ ನಡುವಿನ ಎಲೆಯನ್ನು ಕಿತ್ತುಕೊಂಡಿದ್ದ.

"ಯಾರ್ರೀ ನೀವು? ಇದು ಚೈವ್ಸ್, ಈರುಳ್ಳಿ ಜಾತಿ ಸೊಪ್ಪು! ಪಕ್ಕದ ಮನೆ ಆಂಟಿ ಮನೆ ಖಾಲಿ ಮಾಡುವಾಗ ಕೊಟ್ಟ ಕುಂಡ."

"ಲಿಫ್ಟ್ ರಿಪೇರಿಯವನು. ಇದು ಲಿಲ್ಲಿ ಕಣ್ರೀ, ಹೋದ ಸಲ ಬಂದಾಗ ಹೂ ಬಿಟ್ಟಿತ್ತು. ತಿಂದ್ರೆ ವಿಷ! ಮೂಸಿ ನೋಡಿ, ಈರುಳ್ಳಿ ವಾಸನೆ ಎಲ್ಲಿದೆ?"

ಆ ಮಾತಿಗೇ ಅವಳ ಕಣ್ಣು ತುಂಬಿತು. ಕಳೆದ ವರ್ಷದ ಜ್ವರ ಅವಳ ಮೂಗಿನ ಶಕ್ತಿಯನ್ನೇ ಕಸಿದಿತ್ತು. ಕೊರಗುತ್ತಾರೆಂದು ಅಪ್ಪನಿಗೂ ಹೇಳಿರಲಿಲ್ಲ. ಈ ಎಲೆ ಅಪ್ಪನ ಆಮ್ಲೆಟ್‌ಗೆ ಬೀಳುವುದರಲ್ಲಿತ್ತು!

"ನನಗೆ... ವಾಸನೆ ಗೊತ್ತಾಗಲ್ಲ."

ಅವನು ನಗಲಿಲ್ಲ. ಅವಳ ಕೊರಳಲ್ಲಿದ್ದ ಅಳತೆ ಟೇಪು ನೋಡಿದ.

"ಟೈಲರಾ? ಬಟ್ಟೆ ಮುಟ್ಟಿ ಯಾವ್ದು ಅಂತ ಹೇಳೋ ಬೆರಳಿಗೆ ಎಲೆ ಯಾವ ಲೆಕ್ಕ!"

ಉಳಿದ ಕುಂಡಗಳ ಎಲೆಗಳನ್ನೂ ಅವನು ಮೂಸಿದ, ಅವಳು ಮುಟ್ಟಿದಳು. ಈರುಳ್ಳಿಯ ಎಲೆ ದಪ್ಪ, ಒಳಗೆ ಟೊಳ್ಳು. ಚೈವ್ಸ್ ಕಡ್ಡಿಯಷ್ಟು ಸಣ್ಣ, ಅದೂ ಟೊಳ್ಳು. ಬೆಳ್ಳುಳ್ಳಿ ಚೈವ್ಸ್ ರಿಬ್ಬನ್ನಿನಂತೆ ಚಪ್ಪಟೆ. ಲಿಲ್ಲಿಯೂ ಹೆಚ್ಚುಕಡಿಮೆ ಹಾಗೇ...

"ಚಪ್ಪಟೆ ಎಲೆ ಸಿಕ್ರೆ ಬೆರಳನ್ನೂ ನಂಬ್ಬೇಡಿ. ನನ್ನ ಕರೀರಿ," ಎಂದ.

ಆಮೇಲೆ ಕರೆಯದಿದ್ದರೂ ಬರತೊಡಗಿದ. ಇಬ್ಬರೂ ಸೇರಿ ಕೆಂಪು ಈರುಳ್ಳಿ, ಬಿಳಿ ಈರುಳ್ಳಿ ನೆಟ್ಟರು. "ನಮ್ಮ ಲಿಫ್ಟಿಗೆ ಇಷ್ಟೊಂದು ಕಾಯಿಲೆ ಯಾವಾಗ ಬಂತಮ್ಮಾ?" ಎಂದು ಅಪ್ಪ ಮೀಸೆಯಡಿ ನಗುತ್ತಿದ್ದರು.

ಒಂದು ಸಂಜೆ ಅವಳು ತಾರಸಿಯ ಮೆಟ್ಟಿಲು ಹತ್ತುವಾಗ ಅವನು ಮೇಲೆ ಅಮ್ಮನ ಜೊತೆ ಫೋನಿನಲ್ಲಿದ್ದ. "ಪಾಪ ಕಣಮ್ಮಾ, ಅವಳಿಗೆ ವಾಸನೆನೇ ಗೊತ್ತಾಗಲ್ಲ..."

ಪಾಪ? ಇಷ್ಟು ದಿನ ಬಂದದ್ದು ಬರೀ ಕನಿಕರಕ್ಕಾ?

"ನಾಳೆಯಿಂದ ಬರ್ಬೇಡಿ," ಎಂದವಳು ತಿರುಗಿ ನೋಡದೆ ಇಳಿದುಬಿಟ್ಟಳು.

ಮನೆಯಲ್ಲಿ ಅಳು ತಡೆಯಲಾಗದೆ ಅಪ್ಪನ ಮುಂದೆ ಎಲ್ಲವನ್ನೂ ಹೇಳಿಕೊಂಡಳು.

"ಸೀದ ಹಾಲಲ್ಲಿ ಎಷ್ಟು ಸಲ ಕಾಫಿ ಕೊಟ್ಟೆ! ನನಗೆ ಗೊತ್ತಾಗದೇ ಇರುತ್ತಾ ಮಗಳೇ?" ಅಪ್ಪ ಅವಳ ತಲೆ ಸವರಿದರು. "ನೀನಾಗೇ ಹೇಳ್ಲಿ ಅಂತ ಕಾದೆ. ಅರ್ಧ ಮಾತು ಕೇಳಿ ಮುನಿಸ್ಕೋಬೇಡ. ಪೂರ್ತಿ ಕೇಳು, ಹೋಗು."

ಮರುದಿನ ಪಕ್ಕದ ಕಟ್ಟಡದ ಲಿಫ್ಟಿನ ಮುಂದೆ ಅವನು ಸಿಕ್ಕ. ಕಣ್ಣು ಕೆಂಪಾಗಿತ್ತು.

"ನಿಮ್ಮಮ್ಮನ ಹತ್ರ ಪಾಪ ಅಂದ್ರಲ್ಲ... ಆಮೇಲೆ ಏನಂದ್ರಿ?"

"ನನ್ನ ಕೆಟ್ಟ ಅಡುಗೆ ತಿನ್ನೋಕೆ ಅಂಥವಳೇ ಸರಿ ಅಂದೆ." ಅವನು ತಲೆ ತಗ್ಗಿಸಿದ. "ಮದುವೆ ಆದ್ರೆ ಅವಳನ್ನೇ ಅಂತಲೂ ಅಂದೆ. ನಿಮ್ಮನ್ನ ಕೇಳದೇನೇ... ತಪ್ಪಾಯ್ತು."

ಅವಳ ಎದೆ ಹಗುರಾಯಿತು. ಅಯ್ಯೋ, ಎಂಥ ಪೆದ್ದು ನಾನು!

"ಒಲೆ ಮೇಲೆ ಏನಾದ್ರೂ ಸೀದು ಹೋಗ್ತಿದ್ರೆ?"

"ಓಡಿ ಬಂದು ಹೇಳ್ತೀನಿ ಕಣ್ರೀ!"

"ಈ 'ಕಣ್ರೀ' ಬೇಡ."

"ಮತ್ತೆ ಹೇಗೆ ಕರೀಲಿ?"

ಅವಳು ನಕ್ಕಳು. ಅವನು ಬಹಳ ಮೆಲ್ಲಗೆ ಅಂದ.

"ಏನೇ..."

"ಏನೋ!"