ಒಂಬತ್ತು ನಿಮಿಷದ ತಕರಾರು

“ಹೊಳಿಯಮ್ಮಾ, ನಿನ್ನ ವಿಮಾನ ಒಂಬತ್ತು ನಿಮಿಷ ಎಲ್ಲಿ ನಿಂತಿತ್ತು? ಕೊಪ್ಪಳ ಸ್ಟ್ಯಾಂಡಿನ್ಯಾಗ ಚಾ ಕುಡಿಯಾಕ ಇಳದಿತ್ತೇನು?”

ಮಾಸ್ತರು ಕೇಳಿದ್ದೇ ತಡ, ಐದನೇ ತರಗತಿ ಪೂರಾ ನಕ್ಕಿತು.

ಬಳ್ಳಾರಿಯ ವಿಮಾನ ನಿಲ್ದಾಣದಿಂದ ಬೆಳಗಾವಿಯ ವಿಮಾನ ನಿಲ್ದಾಣ ಎಷ್ಟು ದೂರ? ನಕಾಶೆಯ ಮೇಲೆ ದಾರ ಇಟ್ಟು ಅಳೆಯಬೇಕಿತ್ತು. ತಾಸಿಗೆ ನಾನೂರು ಕಿಲೋಮೀಟರ್ ಹಾರಿದರೆ ಎಷ್ಟು ನಿಮಿಷ ಬೇಕು ಎಂದು ಬರೆಯಬೇಕಿತ್ತು.

ಹೇಮಪ್ಪನ ವಿಮಾನ ಮೂವತ್ತೊಂಬತ್ತು ನಿಮಿಷಕ್ಕೆ ಮುಟ್ಟಿತ್ತು. ಹೊಳಿಯಮ್ಮನದು ನಲವತ್ತೆಂಟು. ಅವಳು ದಾರವನ್ನು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಎಂದು ಬಸ್ಸಿನ ದಾರಿಯಲ್ಲೇ ಬಳುಕಿಸಿ ಇಟ್ಟಿದ್ದಳು.

“ಯಾಕ ತಪ್ಪಾತು, ನೀನ ವಿಚಾರ ಮಾಡು. ಶುಕ್ರವಾರ ಕುಕನೂರಿನ ಗಣಿತ ಸ್ಪರ್ಧಾಕ್ಕ ಹೇಮಪ್ಪ ಬರ್ತಾನ” ಎಂದರು ಮಾಸ್ತರು.

ಹೊಳಿಯಮ್ಮನ ಕಣ್ಣುಗಳು ತುಂಬಿದವು. ಕುಕನೂರಿಗೆ ತಾನೇ ಹೋಗುವುದು ಎಂದು ಓಣಿಗೆಲ್ಲ ಹೇಳಿ ಬಂದಿದ್ದಳು.

ಮನೆಯಲ್ಲಿ ಅಜ್ಜಿ ಮುದುಕವ್ವ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಕೇಳಿ ಮೊರ ಪಕ್ಕಕ್ಕಿಟ್ಟಳು.

“ಕೊಪ್ಪಳ ಮುಟ್ಟದ ಗದಗಕ್ಕ ಹ್ಯಾಂಗ ಹೋಗೂದು? ಮೂವತ್ತು ವರ್ಷ ಬಸ್ಸಿನ್ಯಾಗ ತಿರಗೀನಿ, ನನಗ ಗೊತ್ತಿಲ್ಲೇನು? ನಡಿ, ಆ ಮಾಸ್ತರನ್ನ ಕೇಳೇಬಿಡೂಣು!”

ಅಜ್ಜಿ ಹೊಸ ಸೀರೆ ಉಟ್ಟೇ ಹೊರಟಳು.

ಮಾಸ್ತರ ಮನೆ ಹಳ್ಳದ ಆಚೆಗೆ, ಎದುರಿಗೇ ಕಾಣುತ್ತಿತ್ತು. ಆದರೆ ಹಳ್ಳದಲ್ಲಿ ನೀರಿತ್ತು. ಸೇತುವೆ ಹಿಡಿಯಲು ಹೊಲಗಳನ್ನು ಸುತ್ತು ಹಾಕಿ ನಡೆಯಬೇಕು. ಅರ್ಧ ದಾರಿಗೇ ಅಜ್ಜಿಗೆ ಏದುಸಿರು ಬಂತು.

ನಾಲ್ಕು ಬೆಳ್ಳಕ್ಕಿಗಳು ಅವರ ತಲೆಯ ಮೇಲಿಂದ ಹಾರಿ ಹಳ್ಳ ದಾಟಿದವು.

“ನೋಡವ್ವಾ, ನಾವು ಸುತ್ತು ಹಾಕಿ ಸಾಯಾಕತ್ತೀವಿ. ಅವಕ್ಕ ಸೇತುವಿ ಬೇಕಿಲ್ಲ, ಕಂಡಕ್ಟರೂ ಬೇಕಿಲ್ಲ. ಗಪ್ಪನ ಆಚಿ ಕಡಿ!”

ಹೊಳಿಯಮ್ಮ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಹಕ್ಕಿ ಹೋದ ಕಡೆ ನೋಡಿದಳು. ಮುಂದೆ ಸೊಟ್ಟಪಟ್ಟ ಹರಿದಿದ್ದ ಕಾಲುದಾರಿಯನ್ನು ನೋಡಿದಳು.

“ಆಯಿ, ಮನಿಗೆ ಹೋಗೂಣು.”

“ಯಾಕವ್ವಾ? ಜಗಳಕ್ಕಂತ ಹೊಸ ಸೀರಿ ಉಟಗೊಂಡು ಬಂದೀನಿ!”

“ಹೇಮಪ್ಪನ ಲೆಕ್ಕ ಖರೇ ಐತಿ. ನಾ ವಿಮಾನನ ರಸ್ತಾದ ಮ್ಯಾಲ ಓಡಿಸೀನಿ.”

ಅಜ್ಜಿ ಮೊಮ್ಮಗಳ ಮುಖ ನೋಡಿದಳು. “ಹಂಗಾದ್ರ ಕುಕನೂರು?”

“ಅವನ ಹೋಗ್ಲಿ.”

ಅಜ್ಜಿ ಮಾಸ್ತರ ಮನೆಯ ಕಡೆ ಒಮ್ಮೆ ಕೈ ಬೀಸಿದಳು. “ಪುಣ್ಯಾ ಮಾಡ್ಯಾರ ನಿಮ್ಮ ಮಾಸ್ತರು. ಇವತ್ತ ಉಳಕೊಂಡ್ರು!”

ಶುಕ್ರವಾರ ಬೆಳಿಗ್ಗೆ ಹೊಳಿಯಮ್ಮ ಬಸ್ಸು ನಿಲ್ಲುವಲ್ಲಿಗೆ ಹೋದಳು. ಮಾಸ್ತರ ಪಕ್ಕ ಹೇಮಪ್ಪ ಎಣ್ಣೆ ಹಚ್ಚಿ ಬಾಚಿಕೊಂಡು ನಿಂತಿದ್ದ. ಮುಖ ಬಾಡಿತ್ತು.

“ಯಾಕೋ, ಲೆಕ್ಕದ ಅಂಜಿಕಿ ಏನು?” ಎಂದು ಕೇಳಿದಳು.

“ಲೆಕ್ಕದ್ದಲ್ಲ. ನಂಗ ಬಸ್ಸಿನ್ಯಾಗ ವಾಂತಿ ಬರ್ತೈತಿ” ಎಂದು ಅವನು ಪಿಸುಗುಟ್ಟಿದ.

ಹೊಳಿಯಮ್ಮನಿಗೆ ನಗು ಬಂತು. ತಡೆದುಕೊಂಡಳು. “ಹಿಂದ ಕುಂದರಬ್ಯಾಡ, ಭಾಳ ಜಿಗೀತೈತಿ. ಮುಂದ, ಕಿಡಕಿ ಬಾಜೂಕ ಕುಂದ್ರು. ದೂರದ ಗುಡ್ಡ ನೋಡ್ಕೋತ ಹೋಗು.”

ಬಸ್ಸು ಬಂತು, ಇಬ್ಬರನ್ನೂ ಹತ್ತಿಸಿಕೊಂಡು ಹೊರಟಿತು. ಧೂಳಿನೊಳಗೆ ಒಂದು ಸಣ್ಣ ಕೈ ಹೊರಗೆ ಬಂದು ಆಡಿತು. ಮುಂದಿನ ಕಿಟಕಿಯಿಂದಲೇ.

ಹೊಳಿಯಮ್ಮ ತಾನೂ ಕೈ ಎತ್ತಿದಳು.